ಮೂಡುಬಿದಿರೆಯ ಸೆಟ್ಟರ ಬಸದಿಗಳು: ಒಳಬೀದಿಗಳಲ್ಲೊಂದು ದರ್ಶನಯಾತ್ರೆ

ದಕ್ಷಿಣ ಕನ್ನಡದ ಮೂಡುಬಿದಿರೆಯು ‘ಜೈನ ಕಾಶಿ’ ಎಂಬ ಅಭಿಧಾನಕ್ಕೆ ಪಾತ್ರವಾದ ಪುಣ್ಯಕ್ಷೇತ್ರ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆಗಳ ಊರೆಂದು ಇದನ್ನು ಹಿರಿಯರು ಕೊಂಡಾಡುತ್ತ ಬಂದಿದ್ದಾರೆ. ವರ್ಷವಿಡೀ ಇಲ್ಲಿಗೆ ದೂರದೂರದ ಯಾತ್ರಿಕರು ಬರುತ್ತಾರೆ. ಆದರೆ ಅವರಲ್ಲಿ ಬಹುಪಾಲು ಮಂದಿಯ ದರ್ಶನವು ಸಾವಿರ ಕಂಬದ ಬಸದಿಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಕಂಬಗಳನ್ನು ಕಂಡು, ಚಂದ್ರನಾಥ ಸ್ವಾಮಿಗೆ ವಂದಿಸಿ, ಅವರು ಕಾರ್ಕಳದ ಕಡೆಗೋ ವೇಣೂರು, ಧರ್ಮಸ್ಥಳಗಳ ಕಡೆಗೋ ಹೊರಟುಬಿಡುತ್ತಾರೆ. ಉಳಿದ ಹದಿನೇಳು ಬಸದಿಗಳು ನಡೆದೇ ಮುಟ್ಟಬಹುದಾದಷ್ಟು ಹತ್ತಿರದಲ್ಲಿದ್ದರೂ ಯಾತ್ರಿಕರ ಪಾಲಿಗೆ ಇಲ್ಲದಂತೆಯೇ ಆಗಿವೆ.

ದೂರದವರ ಮಾತು ಹಾಗಿರಲಿ. ಘಟ್ಟದ ಬುಡದಲ್ಲಿರುವ ನಾರಾವಿಯ ಶ್ರಾವಕರಿಗೆ, ವೇಣೂರು, ಅಳದಂಗಡಿ, ಬಂಟ್ವಾಳಗಳ ಕುಟುಂಬಗಳಿಗೆ ಮೂಡುಬಿದಿರೆಯೆಂದರೆ ಬಳಕೆಯ ‘ಬೆದ್ರ’. ಮದುವೆಯ ಜವಳಿಗೆ, ಮಕ್ಕಳ ವಿದ್ಯಾಭ್ಯಾಸಕ್ಕೆ, ಮಠದ ಕಾರ್ಯಗಳಿಗೆ ಅವರು ಅಲ್ಲಿಗೆ ಮತ್ತೆ ಮತ್ತೆ ಹೋಗುವವರೇ. ನಾರಾವಿಯಲ್ಲಿ ಧರ್ಮನಾಥ ಸ್ವಾಮಿಯ ಬಸದಿಯಿದೆ. ಆ ಊರಿನ ಹಿರಿಯರಿಗೆ ಬಸದಿಯ ನಿತ್ಯಪೂಜೆಯ ಕಷ್ಟಸುಖಗಳು ಹೊಸತಲ್ಲ. ಹೀಗಿದ್ದರೂ ಮೂಡುಬಿದಿರೆಯ ಹದಿನೆಂಟು ಬಸದಿಗಳ ಹೆಸರುಗಳನ್ನು ಮನೆಯ ಮಕ್ಕಳೆದುರು ಎಣಿಸಬಲ್ಲವರು ಎಷ್ಟು ಮಂದಿ? ನಿತ್ಯ ಹಾದುಹೋಗುವ ಬೀದಿಯ ಒಳಭಾಗವೇ ಅನೇಕರಿಗೆ ಅಪರಿಚಿತವಾಗಿದೆ.

ಊರನ್ನು ಬಲ್ಲ ಒಬ್ಬರ ಜೊತೆಯಲ್ಲಿ, ವಾಹನವನ್ನು ಬದಿಗಿಟ್ಟು, ಒಂದು ಬೆಳಗ್ಗೆ ಈ ಬೀದಿಗಳಲ್ಲಿ ನಡೆದರೆ ಶಾಸನಗಳೂ ಕಟ್ಟಡಗಳೂ ಬೇರೊಂದು ಚರಿತ್ರೆಯನ್ನು ಹೇಳತೊಡಗುತ್ತವೆ. ಅದು ಅರಸರದಷ್ಟೇ ಅಲ್ಲ, ವ್ಯಾಪಾರಿಗಳ ಚರಿತ್ರೆಯೂ ಹೌದು. ಬಸದಿಯನ್ನು ಕಟ್ಟುವುದು ಒಂದು ಸಾಹಸವಾದರೆ, ಅದರಲ್ಲಿ ದೀಪವು ಆರದಂತೆ ಐದಾರು ಶತಮಾನ ನೋಡಿಕೊಳ್ಳುವುದು ಅದಕ್ಕಿಂತ ಹಿರಿದಾದ ಸಾಹಸವೆಂಬುದು ಆ ಚರಿತ್ರೆಯ ಸಾರ.

ನಡೆಯುವ ಕ್ರಮ

ಜೈನಾಚಾರದಲ್ಲಿ ನಡಿಗೆಗೂ ಒಂದು ಶಾಸ್ತ್ರವಿದೆ. ಪಂಚಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿಯು, ಹಗಲು ಬೆಳಕಿನಲ್ಲಿ, ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು, ಯಾವ ಜೀವಕ್ಕೂ ಹಿಂಸೆಯಾಗದಂತೆ ನಡೆಯಬೇಕೆಂದು ಮುನಿಗಳಿಗೆ ವಿಧಿಸುತ್ತದೆ. ಗೃಹಸ್ಥನಿಗೆ ಅಷ್ಟು ಕಠಿನವಾದ ನಿಯಮವಿಲ್ಲ. ಆದರೂ ಕಾಲ ಬುಡದ ನೆಲವನ್ನು ನೋಡಿ ನಡೆಯುವ ಅಭ್ಯಾಸ ಇಂಥ ಯಾತ್ರೆಗೆ ಬಹಳ ಉಪಯುಕ್ತ. ಹಾಗೆ ನಡೆದವನಿಗೆ ಅಂಗಳದ ಮೂಲೆಯ ಶಾಸನಕಲ್ಲು, ಸವೆದ ಮೆಟ್ಟಿಲು, ಪಾಗಾರದ ಬಿರುಕು ಕಣ್ಣಿಗೆ ಬೀಳುತ್ತವೆ. ತಲೆಯೆತ್ತಿ ಶಿಖರವನ್ನಷ್ಟೇ ನೋಡುವವನಿಗೆ ಇವು ಕಾಣುವುದಿಲ್ಲ.

ಸಣ್ಣ ಬಸದಿಗಳು ಪೂಜೆಯ ಹೊತ್ತಿಗೆ ಮಾತ್ರ ತೆರೆದಿರುವುದುಂಟು. ಆದ್ದರಿಂದ ಬೆಳಗಿನ ಹೊತ್ತೇ ಪ್ರಶಸ್ತ. ಅಲ್ಲಿ ಪೂಜೆ ನಡೆಸುವ ಇಂದ್ರರೇ ಬಹುಮಟ್ಟಿಗೆ ಆ ಬಸದಿಯ ಚರಿತ್ರೆಯ ಜೀವಂತ ಭಂಡಾರ. ಯಾವ ತೀರ್ಥಂಕರರ ಬಿಂಬ, ಯಾವ ಯಕ್ಷಯಕ್ಷಿಯರು, ಯಾವ ಮನೆತನದ ಸೇವೆ, ಯಾವ ತಿಥಿಗೆ ವಿಶೇಷ ಪೂಜೆ ಎಂಬುದನ್ನೆಲ್ಲ ಅವರಿಂದ ಕೇಳಿ ತಿಳಿಯಬೇಕು. ಹತ್ತು ಹನ್ನೆರಡು ಮಂದಿಗಿಂತ ಹೆಚ್ಚಿಲ್ಲದ ಗುಂಪಾದರೆ ಪೂಜೆಗೂ ತೊಂದರೆಯಿಲ್ಲ, ಕೇಳುವವರಿಗೂ ಸಮಾಧಾನ.

ಹೊಸ ಬಸದಿಯೆಂಬ ಹಳೆಯ ಬಸದಿ

ಯಾತ್ರೆಯನ್ನು ಎಲ್ಲರೂ ಬಲ್ಲ ಸಾವಿರ ಕಂಬದ ಬಸದಿಯಿಂದಲೇ ಆರಂಭಿಸುವುದು ಯುಕ್ತ. ಇದರ ಶಾಸ್ತ್ರೀಯ ನಾಮ ತ್ರಿಭುವನತಿಲಕ ಚೂಡಾಮಣಿ ಬಸದಿ. ಊರವರ ಹಳೆಯ ರೂಢಿಯಲ್ಲಿ ಇದು ‘ಹೊಸ ಬಸದಿ’. ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ, 1430ರಲ್ಲಿ ನಿರ್ಮಾಣಗೊಂಡ ಬಸದಿ ಇಂದಿಗೂ ಹೊಸದೆನಿಸಿಕೊಳ್ಳುವ ಊರಿನಲ್ಲಿ ಹಳೆಯದರ ಪ್ರಾಯವೆಷ್ಟಿರಬೇಕೆಂದು ಯಾತ್ರಿಕನು ಇಲ್ಲಿಯೇ ಊಹಿಸಿಕೊಳ್ಳಬೇಕು.

ಈ ಬಸದಿ ಒಬ್ಬನಿಂದ ಒಂದೇ ಸಲಕ್ಕೆ ಎದ್ದುದಲ್ಲ. ಮುಂಭಾಗದ ಭೈರಾದೇವಿ ಮಂಟಪವು 1451ರ ಸುಮಾರಿಗೆ ಸೇರಿಕೊಂಡಿತು. ಎದುರಿನ ಎತ್ತರವಾದ ಮಾನಸ್ತಂಭವನ್ನು ಕಾರ್ಕಳದ ಭೈರವ ಅರಸನ ರಾಣಿ ನಾಗಲದೇವಿ ನಿಲ್ಲಿಸಿದಳು. ಇವರ ಜೊತೆಗೆ ಈ ನಾಡಿನ ವರ್ತಕ ಸಮೂಹಗಳ ಕಾಣಿಕೆಯೂ ಇತ್ತು. ತುಳುನಾಡಿನ ಶಾಸನಗಳಲ್ಲಿ ಸೆಟ್ಟಿಕಾರರು, ಹಲರು, ಹಂಜಮಾನದವರು ಎಂಬ ಹೆಸರುಗಳು ಪದೇ ಪದೇ ಬರುತ್ತವೆ. ಇವು ಊರೂರಿನ ವ್ಯಾಪಾರಿ ಸಂಘಗಳು. ಸರಕಿನ ಸುಂಕ, ಅಳತೆ, ದಾನದತ್ತಿಗಳ ನಿರ್ವಹಣೆ ಮುಂತಾದ ವಿಷಯಗಳಲ್ಲಿ ಅವರ ಒಪ್ಪಿಗೆಗೆ ಅರಸರೂ ಬೆಲೆ ಕೊಡುತ್ತಿದ್ದರು.

ಆ ವರ್ತಕರ ಲೋಕ ಎಷ್ಟು ವಿಸ್ತಾರವಾಗಿತ್ತೆಂಬುದಕ್ಕೆ ಭೈರಾದೇವಿ ಮಂಟಪದ ಜಗಲಿಯ ಅಂಚಿನ ಕೆತ್ತನೆಗಳೇ ಸಾಕ್ಷಿ. ಅಲ್ಲಿ ಚೀನೀ ಡ್ರ್ಯಾಗನ್‌ನಂತೆ ಕಾಣುವ, ಆಫ್ರಿಕಾದ ಜಿರಾಫೆಯಂತೆ ಕಾಣುವ ಪ್ರಾಣಿಗಳಿವೆ. ಘಟ್ಟದ ಬುಡದ ಕಾಳುಮೆಣಸು ಮತ್ತು ಕರಾವಳಿಯ ಅಕ್ಕಿ ಮಂಗಳೂರು, ಬಾರಕೂರು, ಬಸರೂರುಗಳ ಬಂದರುಗಳಿಂದ ಸಮುದ್ರ ದಾಟುತ್ತಿದ್ದ ಕಾಲವದು. ನಾರಾವಿಯಂಥ ಘಟ್ಟದಂಚಿನ ಊರುಗಳು ಈ ಸರಕಿನ ದಾರಿಯ ಒಂದು ತುದಿಯಾದರೆ ಬಂದರು ಇನ್ನೊಂದು ತುದಿ. ಮೂಡುಬಿದಿರೆ ನಡುವಿನ ಪೇಟೆ. ಶಿಲ್ಪಿಯು ಜಿರಾಫೆಯನ್ನು ಕಣ್ಣಾರೆ ಕಂಡಿರಬೇಕಿಲ್ಲ. ಕಂಡವರ ಮಾತನ್ನು ಕೇಳಿದ್ದರೂ ಸಾಕು.

ಗುರು ಬಸದಿ: ಬೀಗವೂ ಬೆಳಕೂ

ಇದೇ ಜೈನ ಪೇಟೆಯಲ್ಲಿ ಗುರು ಬಸದಿಯಿದೆ. ಹದಿನೆಂಟರಲ್ಲಿ ಇದೇ ಅತ್ಯಂತ ಪ್ರಾಚೀನವೆಂದು ಪ್ರತೀತಿ; ಸ್ಥಳಪರಂಪರೆಯು ಇದರ ಪ್ರತಿಷ್ಠೆಯನ್ನು ಕ್ರಿ.ಶ. 714ಕ್ಕೆ ಒಯ್ಯುತ್ತದೆ. ಶ್ರವಣಬೆಳಗೊಳದ ಕಡೆಯಿಂದ ಬಂದ ಮುನಿಯೊಬ್ಬರು ಬಿದಿರ ಮೆಳೆಯ ಬಳಿ ಹುಲಿಯೂ ಹಸುವೂ ವೈರವನ್ನು ಮರೆತು ಒಟ್ಟಿಗೆ ಇದ್ದುದನ್ನು ಕಂಡರೆಂದೂ, ಆ ಸ್ಥಳದಲ್ಲಿ ಪಾರ್ಶ್ವನಾಥ ಸ್ವಾಮಿಯ ಬಿಂಬ ದೊರೆಯಿತೆಂದೂ ಐತಿಹ್ಯ. ಕರಿಕಲ್ಲಿನ ಆ ಭವ್ಯ ಬಿಂಬವೇ ಇಲ್ಲಿನ ಮೂಲಸ್ವಾಮಿ. ಬಿದಿರು ಕಡಿದು ಮಾಡಿದ ಊರಾದುದರಿಂದ ಬಿದಿರೆ. ಸಂಸ್ಕೃತದಲ್ಲಿ ವೇಣುಪುರ, ವಂಶಪುರ.

ಈ ಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರೂ ಇದೆ. ದಿಗಂಬರ ಆಮ್ನಾಯದ ಪರಮಾಗಮಗಳಾದ ಧವಲ, ಜಯಧವಲ, ಮಹಾಧವಲಗಳ ತಾಳೆಗರಿ ಪ್ರತಿಗಳು ಇಲ್ಲಿಯೇ ರಕ್ಷಿತವಾದುದೇ ಅದಕ್ಕೆ ಕಾರಣ. ಧರಸೇನಾಚಾರ್ಯರಿಂದ ಉಪದೇಶ ಪಡೆದ ಪುಷ್ಪದಂತ–ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಟೀಕೆಯೇ ಧವಲ. ಕಷಾಯಪಾಹುಡದ ಮೇಲೆ ವೀರಸೇನರು ಆರಂಭಿಸಿ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದ ಟೀಕೆ ಜಯಧವಲ. ಇಲ್ಲಿರುವ ಪ್ರತಿಗಳು ಪ್ರಾಕೃತ ಭಾಷೆಯವು, ಲಿಪಿ ಹಳಗನ್ನಡ, ಕಾಲ 12ನೆಯ ಶತಮಾನ. ಗರಿಗಳ ಮೇಲಿನ ವರ್ಣಚಿತ್ರಗಳು ದಕ್ಷಿಣ ಭಾರತದ ಅತಿ ಪ್ರಾಚೀನ ಚಿತ್ರಿತ ಹಸ್ತಪ್ರತಿಗಳಲ್ಲಿ ಸೇರುತ್ತವೆ.

ಶತಮಾನಗಳ ಕಾಲ ಈ ಗ್ರಂಥಗಳು ದರ್ಶನಕ್ಕೆ ಮಾತ್ರ ಮೀಸಲಾಗಿದ್ದವು. ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು, ಓದುವವರು ವಿರಳರಾದರು. ಗರಿಗಳು ಶಿಥಿಲವಾಗುತ್ತಿದ್ದವು, ಬೇರೆಲ್ಲೂ ಪೂರ್ಣ ಪ್ರತಿಯಿರಲಿಲ್ಲ. ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದರೂ ಸೋಲಾಪುರದ ಸೇಠ್ ಹೀರಾಚಂದ ನೇಮಚಂದರೂ ಈ ಸ್ಥಿತಿಯನ್ನು ಕಂಡು ಮರುಗಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರತಿ ಮಾಡಿಸುವ ಕಾರ್ಯಕ್ಕೆ ಕೈಹಾಕಿದರು. ಬ್ರಹ್ಮಸೂರಿ ಶಾಸ್ತ್ರಿಗಳು, ಗಜಪತಿ ಉಪಾಧ್ಯಾಯರು ಮೊದಲಾದ ಪಂಡಿತರು ದುಡಿದರು. ಸಂಪ್ರದಾಯಸ್ಥರಲ್ಲಿ ಅಳುಕಿತ್ತು, ವಿರೋಧವೂ ಇತ್ತು. ಕೆಲಸ ದಶಕಗಳ ಕಾಲ ಎಳೆಯಿತು. ಕೊನೆಗೆ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಹೊರಬಂದಿತು. 1958ರ ಹೊತ್ತಿಗೆ 16 ಸಂಪುಟಗಳು ಪೂರ್ಣಗೊಂಡವು. ಆ ಪ್ರಕಟಣೆಯ ವೆಚ್ಚವನ್ನು ಹೊತ್ತದ್ದೂ ವ್ಯಾಪಾರಿ ಮನೆತನವೊಂದರ ನಿಧಿಯೇ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಶಾಸ್ತ್ರದಾನದ ಪರಂಪರೆಗೆ ಇದು ಸಲ್ಲುವ ಮುಂದುವರಿಕೆ.

ಅಳುಕಿದ ಹಿರಿಯರನ್ನು ಹಳೆಯ ಕಾಲದವರೆಂದು ಹಗುರವಾಗಿ ಕಾಣುವುದು ಸಲ್ಲದು. ಅವರ ಭಯ ನಿರಾಧಾರವಾಗಿರಲಿಲ್ಲವೆಂಬುದು 2013ರ ಜುಲೈ ತಿಂಗಳಲ್ಲಿ ಕಹಿಯಾಗಿ ಸಿದ್ಧಪಟ್ಟಿತು. ಇದೇ ಗುರು ಬಸದಿಯಿಂದ ಅಮೂಲ್ಯವಾದ ಹಲವು ಜಿನಬಿಂಬಗಳು ಕಳವಾದವು. ಮುಂದೆ ಅವುಗಳಲ್ಲಿ ಕೆಲವು ದೊರೆತವು. ತೋರಿಸಿದರೆ ಕಳೆದೀತೆಂಬ ಭಯ ಒಂದು ಕಡೆ. ಮುಚ್ಚಿಟ್ಟರೆ ಮರೆತೇಹೋದೀತೆಂಬ ಭಯ ಇನ್ನೊಂದು ಕಡೆ. ಬಸದಿಗಳ ಆಡಳಿತ ನೋಡುವ ಪ್ರತಿಯೊಬ್ಬ ಮೊಕ್ತೇಸರರ ಎದುರಿಗೂ ಈ ಪ್ರಶ್ನೆಯಿದೆ. ಧವಲದ ದೃಷ್ಟಾಂತದಿಂದ ಒಂದು ಉತ್ತರ ದೊರೆಯುತ್ತದೆ. ಪ್ರತಿ, ಛಾಯಾಚಿತ್ರ, ವಿವರವಾದ ಪಟ್ಟಿ ಇರುವ ವಸ್ತು ಕಳೆದರೂ ಅದರ ಗುರುತು ಉಳಿಯುತ್ತದೆ, ಹುಡುಕಲು ದಾರಿಯಿರುತ್ತದೆ. ಪಟ್ಟಿಯಲ್ಲಿಲ್ಲದ ಬಿಂಬ ಕಳೆದರೆ ಅದು ಇತ್ತೆಂಬುದಕ್ಕೇ ಸಾಕ್ಷಿಯಿರುವುದಿಲ್ಲ. ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿಗಳು ಈ ಪ್ರದೇಶದ ತಾಳೆಗರಿ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದರು. ಅದು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಅವರು ಗ್ರಂಥಗಳಿಗೆ ಮಾಡಿದ ಉಪಕಾರವನ್ನು ಬಿಂಬಗಳಿಗೂ ಬಸದಿಯ ಪಾತ್ರೆಪರಿಕರಗಳಿಗೂ ಮಾಡಬೇಕಾಗಿದೆ.

ಸೆಟ್ಟರ ಹೆಸರಿನ ಬಸದಿಗಳು

ಇನ್ನು ಯಾತ್ರಿಕರ ಕಾಲು ಸೋಂಕದ ಬಸದಿಗಳ ಕಡೆಗೆ ತಿರುಗಬೇಕು. ಅವುಗಳ ಹೆಸರುಗಳನ್ನು ಒಮ್ಮೆ ಓದಿದರೇ ಒಂದು ಸತ್ಯ ಹೊಳೆಯುತ್ತದೆ: ಬಡಗ ಬಸದಿ, ಶೆಟ್ಟರ ಬಸದಿ, ಹಿರೇ ಬಸದಿ, ಬೆಟ್ಕೇರಿ ಬಸದಿ, ಕೋಟಿ ಬಸದಿ, ವಿಕ್ರಮ ಶೆಟ್ಟಿ ಬಸದಿ, ಕಲ್ಲು ಬಸದಿ, ಲೆಪ್ಪದ ಬಸದಿ, ದೇರಮ್ಮ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ಬೈಕಣತಿಕಾರಿ ಬಸದಿ, ಕೆರೆ ಬಸದಿ, ಪಡು ಬಸದಿ, ಮಠದ ಬಸದಿ ಮತ್ತು ಪಾಠಶಾಲೆಯ ಬಸದಿ. ಕೆಲವಕ್ಕೆ ದಿಕ್ಕಿನ ಹೆಸರು, ಕೆಲವಕ್ಕೆ ಕಟ್ಟಿದ ವಸ್ತುವಿನ ಹೆಸರು. ಆದರೆ ವಿಕ್ರಮ, ದೇರಮ್ಮ, ಚೋಳ, ಮಹಾದೇವ ಇವೆಲ್ಲ ಸೆಟ್ಟರ ಹೆಸರುಗಳು. ಇಷ್ಟೊಂದು ಬಸದಿಗಳಿರುವ ಊರಿನಲ್ಲಿ ಅರಸರ ಹೆಸರಿನಿಂದ ಕರೆಯುವ ಬಸದಿ ಒಂದೂ ಇಲ್ಲವೆಂಬುದು ಗಮನಿಸತಕ್ಕ ಸಂಗತಿ.

ವ್ಯಾಪಾರಿಯು ಬಸದಿಯನ್ನೇಕೆ ಕಟ್ಟಿಸಿದ? ಕೀರ್ತಿಯ ಆಸೆ, ಸಮಾನರೊಡನೆ ಸ್ಪರ್ಧೆ, ಅರಸನ ಮೆಚ್ಚುಗೆ—ಇವು ಇರಲಿಲ್ಲವೆಂದು ಹೇಳಲಾಗದು. ಆದರೆ ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹಪರಿಮಾಣವ್ರತವನ್ನು ಮರೆತರೆ ಈ ಬೀದಿಯ ಅರ್ಥವಾಗುವುದಿಲ್ಲ. ಮನೆ, ಹೊಲ, ಬೆಳ್ಳಿ, ಬಂಗಾರ, ದನ, ಧಾನ್ಯ ಇವುಗಳಿಗೆ ಗೃಹಸ್ಥನು ತಾನಾಗಿಯೇ ಒಂದು ಮಿತಿಯನ್ನು ಹಾಕಿಕೊಳ್ಳಬೇಕು. ಅದನ್ನು ಮೀರಿ ಬಂದದ್ದನ್ನು ತನ್ನದೆಂದು ಎಣಿಸದೆ ದಾನಕ್ಕೆ ಸಲ್ಲಿಸಬೇಕು. ವ್ಯಾಪಾರವನ್ನು ಬಿಡೆಂದು ಈ ವ್ರತ ಹೇಳುವುದಿಲ್ಲ. ಗಳಿಕೆ ಎಲ್ಲಿ ನಿಲ್ಲಬೇಕೆಂಬುದನ್ನು ಗಳಿಸುವ ಮೊದಲೇ ತೀರ್ಮಾನಿಸೆಂದು ಹೇಳುತ್ತದೆ. ಮೆಣಸಿನ ವ್ಯಾಪಾರದಲ್ಲಿ ಒಂದು ಹಡಗು ಸುಖವಾಗಿ ಮರಳಿದರೆ ಬರುತ್ತಿದ್ದ ಲಾಭವನ್ನು ಊಹಿಸಿದರೆ, ಆ ಮಿತಿಯನ್ನು ಪಾಲಿಸುವುದು ಸುಲಭವಾಗಿರಲಿಲ್ಲವೆಂದು ತಿಳಿಯುತ್ತದೆ.

ಇದೇ ಊರಿನ ಕವಿ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ ರಚಿಸಿದ ‘ಭರತೇಶ ವೈಭವ’ದ ನಾಯಕನೂ ಇಂಥ ಗೃಹಸ್ಥನೇ. ಷಟ್ಖಂಡ ಭೂಮಿಯನ್ನಾಳಿದರೂ ಭರತ ಚಕ್ರವರ್ತಿ ಒಳಗೆ ಅಂಟಿಕೊಂಡವನಲ್ಲ. ಅರಮನೆಯ ಭೋಗವನ್ನೂ ಆತ್ಮಧ್ಯಾನವನ್ನೂ ಒಟ್ಟಿಗೆ ನಡೆಸಿದ ನಾಯಕನನ್ನು, ಸೆಟ್ಟರ ಸಂಪತ್ತಿನ ನಡುವೆ ಬಾಳಿದ ಕವಿ ಆರಿಸಿಕೊಂಡದ್ದು ಆಕಸ್ಮಿಕವೆನಿಸದು.

ಲೆಪ್ಪದ ಬಿಂಬವೂ ಮಳೆಯೂ

ಲೆಪ್ಪದ ಬಸದಿಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಇಲ್ಲಿನ ಚಂದ್ರನಾಥ ಸ್ವಾಮಿಯ ಬಿಂಬವು ಶಿಲೆಯದೂ ಅಲ್ಲ, ಲೋಹದ್ದೂ ಅಲ್ಲ. ಲೆಪ್ಪದ್ದು, ಅಂದರೆ ಮಣ್ಣುಗಾರೆಯಿಂದ ರೂಪಿಸಿದ್ದು. ಹಿರೇ ಬಸದಿಯಲ್ಲಿಯೂ ಇಂಥ ಮಣ್ಣಿನ ತೀರ್ಥಂಕರ ಬಿಂಬಗಳಿವೆ. ಕಲ್ಲಿನ ಬಿಂಬಕ್ಕೆ ಮಾಡುವಂತೆ ಇಂಥ ಬಿಂಬಕ್ಕೆ ಜಲಾಭಿಷೇಕ ಮಾಡುವಂತಿಲ್ಲ. ನೀರು ತಾಗಿದರೆ ಬಿಂಬವೇ ಕರಗಿ ಹೋಗುತ್ತದೆ.

ತುಳುನಾಡಿನಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಅಂಥ ನಾಡಿನಲ್ಲಿ ನೀರಿಗೆ ಕರಗುವ ಬಿಂಬವೊಂದು ಶತಮಾನಗಳಿಂದ ಉಳಿದಿದೆಯೆಂದರೆ, ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಯಾರೋ ಒಬ್ಬರು ಮಾಡನ್ನು ಹತ್ತಿ ನೋಡಿದ್ದಾರೆ. ಸರಿದ ಹಂಚನ್ನು ಸರಿಪಡಿಸಿದ್ದಾರೆ. ಸೋರುವ ಸಂದಿಗೆ ಗಾರೆ ಮೆತ್ತಿದ್ದಾರೆ. ಅವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಒಂದೇ ಒಂದು ಮಳೆಗಾಲದ ಅಲಕ್ಷ್ಯ ಸಾಕಾಗಿತ್ತು, ಎಲ್ಲವೂ ಮುಗಿಯುವುದಕ್ಕೆ. ಕಟ್ಟಿಸಿದ ಸೆಟ್ಟಿಯ ಹೆಸರು ಬಸದಿಗೆ ಉಳಿದಿರುವುದು ಹೆಸರಿಲ್ಲದ ಇಂಥವರ ದುಡಿಮೆಯಿಂದ.

ಚೌಟರ ಅರಮನೆ ಮತ್ತು ಕೊಡಂಗಲ್ಲು

ಬಸದಿಗಳ ಬೀದಿಯಿಂದ ಚೌಟರ ಅರಮನೆಗೆ ನಡೆದುಹೋಗಬಹುದು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಈ ಚೌಟ ವಂಶದವಳು. ಪುತ್ತಿಗೆಯಲ್ಲಿದ್ದ ರಾಜಧಾನಿಯನ್ನು ಚೌಟರು 17ನೆಯ ಶತಮಾನದಲ್ಲಿ ಮೂಡುಬಿದಿರೆಗೆ ತಂದರು. ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯ ಆಕಾರ ತಾಳಿದ ನವನಾರಿಕುಂಜರವೂ, ಐವರು ಸೇರಿ ಕುದುರೆಯಾದ ಪಂಚನಾರೀತುರಗವೂ ಪ್ರಸಿದ್ಧ. ಅರಸರು ಜೈನರಾದರೂ ಅವರ ಆರಾಧ್ಯ ದೈವ ಪುತ್ತಿಗೆಯ ಸೋಮನಾಥ. ಬಸದಿಯೂ ದೇವಾಲಯವೂ ಒಂದೇ ಅರಸೊತ್ತಿಗೆಯ ಆಶ್ರಯದಲ್ಲಿ ಬೆಳೆದವು. ಹದಿನೆಂಟು ಬಸದಿಗಳ ಜೊತೆಗೆ ಹದಿನೆಂಟು ದೇವಸ್ಥಾನಗಳನ್ನೂ ಕೂಡಿಸಿ ಎಣಿಸುವ ಊರಿನ ರೂಢಿಗೆ ಇದೇ ಹಿನ್ನೆಲೆ.

ಯಾತ್ರೆಯ ಕೊನೆಯ ಘಟ್ಟ ಊರಿನಿಂದ ತುಸು ದೂರದ ಕೊಡಂಗಲ್ಲು. ಮುರಕಲ್ಲಿನಿಂದ ಕಟ್ಟಿದ ಜೈನ ಗುರುಗಳ ನಿಷಿಧಿಗಳು ಇಲ್ಲಿ ಸಾಲಾಗಿ ನಿಂತಿವೆ. ಕೆಲವು ಮೂರು ನೆಲೆಯವು, ಕೆಲವು ಐದು, ಕೆಲವು ಏಳು. ಒಂದೊಂದು ನೆಲೆಗೂ ಇಳಿಜಾರಾದ ಮಾಡಿನ ಅಂಚು. ಮೇಲೇರಿದಂತೆ ಕಿರಿದಾಗುತ್ತ ಹೋಗುವ ಆಕಾರ. 19ನೆಯ ಶತಮಾನದ ವಾಸ್ತುಚರಿತ್ರಕಾರ ಜೇಮ್ಸ್ ಫರ್ಗುಸನ್ ಇವುಗಳನ್ನು ಕಂಡು ನೇಪಾಳದ ಕಟ್ಟಡಗಳನ್ನು ನೆನೆದನು. ಸಾಮ್ಯಕ್ಕೆ ಬಹುದೂರ ಹುಡುಕಬೇಕಿಲ್ಲ. ಎರಡೂ ಕಡೆ ಮಾಡು ಇಳಿಜಾರಾಗಿರಬೇಕೆಂದು ಹವೆಯೇ ಕಲಿಸಿತೆನ್ನಬಹುದು.

ಎಲ್ಲವನ್ನೂ ತ್ಯಜಿಸಿದ ಗುರುಗಳ ಸ್ಮಾರಕಗಳಿವು. ಇವುಗಳಿಗೆ ನಿತ್ಯಪೂಜೆಯಿಲ್ಲ, ಉತ್ಸವವಿಲ್ಲ, ಆದ್ದರಿಂದ ಆದಾಯವೂ ಇಲ್ಲ. ಮುರಕಲ್ಲಿನ ಸಂದಿಯಲ್ಲಿ ಒಂದು ಅಶ್ವತ್ಥದ ಸಸಿ ಬೇರೂರಿದರೆ ಕೆಲವೇ ವರ್ಷಗಳಲ್ಲಿ ನೆಲೆಗಳು ಸೀಳಿ ಬೇರ್ಪಡುತ್ತವೆ. ಸಸಿಯು ಎಳೆಯದಾಗಿರುವಾಗಲೇ ಗಮನಿಸುವ ಕಣ್ಣು ಬೇಕು. ವರ್ಷಕ್ಕೊಮ್ಮೆಯಾದರೂ ಜನ ನಡೆದುಬರುವ ಸ್ಥಳದಲ್ಲಿ ಅಂಥ ಕಣ್ಣು ಸಿಕ್ಕೀತು. ಯಾರೂ ಬಾರದ ಸ್ಥಳದಲ್ಲಿ ಸಿಗಲಾರದು.

ದೀಪದ ಲೆಕ್ಕ

ಹಳೆಯ ದಾನಶಾಸನಗಳನ್ನು ಓದುವಾಗ ಭಕ್ತಿಯ ಮಾತುಗಳ ನಂತರ ಬರುವ ಸಾಲುಗಳನ್ನು ಹಾರಿಸಿಬಿಡುವುದುಂಟು. ವಾಸ್ತವದಲ್ಲಿ ಶಾಸನದ ಜೀವ ಅಲ್ಲಿಯೇ ಇರುವುದು. ಯಾವ ಗದ್ದೆ, ಅದರ ಚತುಸ್ಸೀಮೆ ಯಾವುದು, ವರ್ಷಕ್ಕೆ ಎಷ್ಟು ಮುಡಿ ಅಕ್ಕಿ, ಅದರಲ್ಲಿ ನೈವೇದ್ಯಕ್ಕೆಷ್ಟು, ದೀಪದ ಎಣ್ಣೆಗೆಷ್ಟು, ಆಹಾರದಾನಕ್ಕೆಷ್ಟು ಎಂಬುದೆಲ್ಲ ಅಲ್ಲಿ ನಿಗದಿಯಾಗಿರುತ್ತದೆ. ಕಟ್ಟಡದ ವೆಚ್ಚ ಒಮ್ಮೆ ಮುಗಿಯುವಂಥದು, ನಿತ್ಯದ ವೆಚ್ಚ ಎಂದೂ ಮುಗಿಯದ್ದು ಎಂಬುದನ್ನು ಆ ಸೆಟ್ಟರು ಬಲ್ಲವರಾಗಿದ್ದರು. ಆದ್ದರಿಂದ ಬಸದಿಯ ಜೊತೆಗೆ ಗದ್ದೆಯನ್ನೂ ಬಿಟ್ಟರು. ಅಕ್ಕಿಯ ರೂಪದ ಗೇಣಿಗೆ ಒಂದು ದೊಡ್ಡ ಗುಣವಿತ್ತು: ಬೆಲೆ ಏರಿದರೆ ಅದರ ಮೌಲ್ಯವೂ ಏರುತ್ತಿತ್ತು.

ಈ ವ್ಯವಸ್ಥೆ ನಮ್ಮ ಕಾಲದಲ್ಲಿ ಮುಗಿಯಿತು. 1961ರ ಭೂ ಸುಧಾರಣಾ ಕಾಯ್ದೆಗಾದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಜಮೀನು ಸರಕಾರದ ವಶವಾಗಿ, ಉಳುವವರಿಗೆ ಹಕ್ಕು ದೊರೆಯುವ ಮಾರ್ಗ ತೆರೆಯಿತು. ತಲೆಮಾರುಗಳಿಂದ ಬೆವರು ಸುರಿಸಿದ ಒಕ್ಕಲುಗಳಿಗೆ ಅದರಿಂದ ನ್ಯಾಯ ದೊರೆಯಿತು. ಅಪರಿಗ್ರಹವನ್ನು ಬೋಧಿಸುವ ಸಮಾಜ ಅದಕ್ಕೆ ಕೊರಗುವುದು ಉಚಿತವಲ್ಲ. ಆದರೆ ಬಸದಿಗಳ ನಿತ್ಯದ ಆಧಾರ ಅದರೊಂದಿಗೆ ಕಳಚಿತೆಂಬುದೂ ನಿಜ. ಧಾರ್ಮಿಕ ಸಂಸ್ಥೆಗಳಿಗೆ ಕಾಯ್ದೆಯು ನಗದಿನ ವರ್ಷಾಶನವನ್ನು ಒದಗಿಸಿತು. ನಗದು ಅಕ್ಕಿಯಂತಲ್ಲ, ಬೆಲೆ ಏರಿದಂತೆ ಅದರ ಶಕ್ತಿ ಕುಗ್ಗುತ್ತದೆ.

ಒಂದು ಸಣ್ಣ ಬಸದಿಯ ಲೆಕ್ಕವನ್ನು ಉದಾಹರಣೆಗಾಗಿ ಹಾಕಿ ನೋಡಬಹುದು. ದೀಪಕ್ಕೆ ದಿನಕ್ಕೆ 100 ಮಿಲಿಲೀಟರು ಎಣ್ಣೆಯೆಂದರೆ ವರ್ಷಕ್ಕೆ ಮೂವತ್ತಾರೂವರೆ ಲೀಟರು. ನೈವೇದ್ಯಕ್ಕೆ ದಿನಕ್ಕೆ ಅರ್ಧ ಕಿಲೋ ಅಕ್ಕಿಯೆಂದರೆ ವರ್ಷಕ್ಕೆ 180 ಕಿಲೋಗೂ ಮಿಕ್ಕಿ. ಇದಕ್ಕೆ ಇಂದ್ರರ ಸಂಭಾವನೆ, ಹೂವು, ಗಂಧ, ವಿದ್ಯುತ್ತು, ಮಳೆಗಾಲದ ಮುಂಚಿನ ದುರಸ್ತಿ ಸೇರಬೇಕು. ಒಟ್ಟು ವೆಚ್ಚ ವರ್ಷಕ್ಕೆ 1 ಲಕ್ಷ ರೂಪಾಯಿಯೆಂದೂ, ಠೇವಣಿಯ ಬಡ್ಡಿ ಶೇಕಡಾ 6 ಎಂದೂ ಇಟ್ಟುಕೊಂಡರೆ ಸುಮಾರು 16,67,000 ರೂಪಾಯಿಯ ಮೂಲನಿಧಿ ಬೇಕು. ಬಂದ ಬಡ್ಡಿಯನ್ನೆಲ್ಲ ವೆಚ್ಚ ಮಾಡುತ್ತ ಹೋದರೆ, ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದಾಗ, ಹದಿನಾಲ್ಕು ವರ್ಷಗಳಲ್ಲಿ ಆ ನಿಧಿಯ ಶಕ್ತಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಬಡ್ಡಿಯ ಒಂದು ಪಾಲನ್ನು ಪ್ರತಿವರ್ಷ ಮೂಲಕ್ಕೆ ಸೇರಿಸುತ್ತಲೇ ಇರಬೇಕು. ಅಷ್ಟರಮಟ್ಟಿಗೆ ಮೂಲನಿಧಿಯೂ ದೊಡ್ಡದಿರಬೇಕು. ಪಂಚಕಲ್ಯಾಣದ ಸಂಭ್ರಮಕ್ಕೆ ಕೊಡುಗೈಯಾಗುವ ಸಮಾಜವು ಈ ಮೌನವಾದ ಲೆಕ್ಕಕ್ಕೂ ಮನಸ್ಸು ಕೊಡಬೇಕಾಗಿದೆ.

ಕರ್ತವ್ಯದ ದಾರಿ

ಹೊಸ ಬಸದಿಯನ್ನು ಕಟ್ಟಿಸುವುದಕ್ಕಿಂತ ಜೀರ್ಣೋದ್ಧಾರದ ಪುಣ್ಯ ಹಿರಿದೆಂಬುದು ಹಿರಿಯರ ಮಾತು. ಧರ್ಮಸ್ಥಳದಲ್ಲಿ 1991ರಲ್ಲಿ ಸ್ಥಾಪಿತವಾದ ಶ್ರೀ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯ ಪುರಾತತ್ತ್ವ ಇಲಾಖೆಯ ಸಹಯೋಗದಿಂದ ಇನ್ನೂರಕ್ಕೂ ಹೆಚ್ಚು ಪ್ರಾಚೀನ ದೇವಾಲಯ, ಬಸದಿಗಳನ್ನು ಉದ್ಧರಿಸಿ ಈ ಮಾತನ್ನು ಆಚರಣೆಗೆ ತಂದಿದೆ. ಆದರೆ ಪ್ರತಿಯೊಂದು ಸೋರುವ ಮಾಡಿಗೂ ದೊಡ್ಡ ಸಂಸ್ಥೆಯ ದಾರಿ ನೋಡುತ್ತ ಕುಳಿತಿರಲಾಗದು.

ಬಸದಿಗಳ ಆಡಳಿತ ಮಂಡಳಿಗಳು ಮಾಡಬಹುದಾದ ಕೆಲಸಗಳು ದುಬಾರಿಯವಲ್ಲ. ಪ್ರತಿಯೊಂದು ಬಿಂಬ, ಗ್ರಂಥ, ಪರಿಕರದ ಛಾಯಾಚಿತ್ರಸಹಿತ ದಾಸ್ತಾನು ಪುಸ್ತಕವನ್ನು ಇಟ್ಟು ವರ್ಷಕ್ಕೊಮ್ಮೆ ತಾಳೆ ನೋಡಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯನ್ವಯ ನೋಂದಾಯಿಸಬೇಕಾದವುಗಳನ್ನು ನೋಂದಾಯಿಸಬೇಕು. ನಿತ್ಯಪೂಜೆಯ ನಿಧಿಯನ್ನು ಉತ್ಸವದ ನಿಧಿಯಿಂದ ಬೇರೆಯಾಗಿಡಬೇಕು. ಮೇ ತಿಂಗಳಲ್ಲಿ ಮಾಡನ್ನು ಪರೀಕ್ಷಿಸುವುದನ್ನು ಒಂದು ವ್ರತದಂತೆ ಪಾಲಿಸಬೇಕು.

ಕುಟುಂಬಗಳ ಕೆಲಸ ಇನ್ನೂ ಸರಳ. ನಾರಾವಿಯಿಂದಾಗಲಿ ಬಂಟ್ವಾಳದಿಂದಾಗಲಿ ಮೂಡುಬಿದಿರೆಗೆ ಬಂದಾಗ, ಸಾವಿರ ಕಂಬದ ಬಸದಿಯ ದರ್ಶನದ ನಂತರ ಇನ್ನೊಂದು ಬಸದಿಗಾದರೂ ನಡೆದುಹೋಗಬೇಕು. ಒಂದು ಭೇಟಿಗೆ ಒಂದು ಬಸದಿಯಂತೆ ಹೋದರೂ ಕೆಲವು ವರ್ಷಗಳಲ್ಲಿ ಹದಿನೆಂಟೂ ಪೂರ್ಣವಾಗುತ್ತವೆ. ಅಲ್ಲಿನ ಇಂದ್ರರನ್ನು ಮಾತನಾಡಿಸಬೇಕು, ಗಂಧೋದಕವನ್ನು ಸ್ವೀಕರಿಸಬೇಕು, ಕಟ್ಟಿಸಿದವರ ಹೆಸರನ್ನು ಮಕ್ಕಳಿಗೆ ಹೇಳಬೇಕು, ಕೈಲಾದ ಎಣ್ಣೆಯನ್ನೋ ಅಕ್ಕಿಯನ್ನೋ ಒಪ್ಪಿಸಿ ಬರಬೇಕು. ಚೋಳ ಶೆಟ್ಟಿ, ಮಹಾದೇವ ಶೆಟ್ಟಿಗಳ ಅಂಗಡಿಗಳು ಎಲ್ಲಿದ್ದವೆಂದು ಇಂದು ಕೇಳುವವರಿಲ್ಲ, ಅವರು ಗಳಿಸಿದ ವರಹಗಳ ಲೆಕ್ಕ ಯಾರ ಬಳಿಯೂ ಇಲ್ಲ. ಅವರು ಕೊಟ್ಟದ್ದು ಮಾತ್ರ ಅವರ ಹೆಸರಿನಲ್ಲಿ ಉಳಿದಿದೆ. ಅದನ್ನು ಮುಂದಿನ ಮಳೆಗಾಲದಿಂದ ಕಾಪಾಡುವ ಹೊಣೆ ಈಗಿನವರದು.